ಬೀಗ ಹಾಕಿದ ಪ್ರಥಮ ಚಿಕಿತ್ಸೆ ಪೆಟ್ಟಿಗೆ: ಕಾಸರಗೋಡಿನ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಪಂಚಾಯತಿನ ಅಧ್ಯಕ್ಷರಿಗೆ, ವಿದ್ಯಾ ಇಲಾಖೆಯ ಉಪನಿರ್ದೇಶಕರಿಗೆ ಮತ್ತು ನಮ್ಮ ಗಡಿಭಾಗದ ಗ್ರಾಮ ಪಂಚಾಯತುಗಳ ಅಧ್ಯಕ್ಷರಿಗೆ,

ಗೌರವಪೂರ್ವಕ ನಮಸ್ಕಾರಗಳು.

ನಾನು ಎಣ್ಮಕಜೆ ಪಂಚಾಯತಿನವಳು. ಮಂಗಳೂರಿನ ಆಸ್ಪತ್ರೆಯೊಂದರ ತುರ್ತು ವಿಭಾಗದಲ್ಲಿ ನರ್ಸ್ ಆಗಿದ್ದೆ. ನಿವೃತ್ತಿಯ ಮೇಲೆ ಊರಿಗೆ ಬಂದಿದ್ದೇನೆ. ಮೊಮ್ಮಕ್ಕಳು ಕನ್ನಡ ಮಾಧ್ಯಮದ ಶಾಲೆಗೆ ಹೋಗುತ್ತಾರೆ. ಅವರ ತಂದೆ ತಾಯಿಗೆ ಕೆಲಸದ ದಿನ ಬಿಡುವಿಲ್ಲ, ಹಾಗಾಗಿ ರಕ್ಷಕ ಶಿಕ್ಷಕ ಸಂಘದ ಸಭೆಗಳಿಗೆ ನಾನೇ ಹೋಗುತ್ತೇನೆ. ಅಲ್ಲಿ ಕಂಡದ್ದನ್ನು ಸಭೆಯಲ್ಲೇ ಹೇಳಿದ್ದೇನೆ, ಬರೆದೂ ಕೊಟ್ಟಿದ್ದೇನೆ. "ಹೌದು, ಮಾಡಬೇಕು" ಎಂದು ಎಲ್ಲರೂ ಒಪ್ಪುತ್ತಾರೆ. ಆಮೇಲೆ ಯಾರೂ ಮಾಡುವುದಿಲ್ಲ. ಯಾಕೆಂದರೆ ಅದು ಯಾರ ಕೆಲಸ ಅಂತ ಯಾರಿಗೂ ಗೊತ್ತಿಲ್ಲ. ಅದಕ್ಕೇ ಈ ಪತ್ರ.

ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡಬಹುದು ಎಂದು ಸಂವಿಧಾನದ 350ನೇ ವಿಧಿ ಹೇಳುತ್ತದೆ.

ವಿಷಯ ಇಷ್ಟು. ನಮ್ಮ ಶಾಲೆಗಳಲ್ಲಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇದೆ. ಆದರೆ ಬೇಕಾದ ಹೊತ್ತಿಗೆ ಅದು ಕೈಗೆ ಸಿಗುವುದಿಲ್ಲ. ಸಿಕ್ಕಿದರೂ ಒಳಗೆ ಉಪಯೋಗಕ್ಕೆ ಬರುವಂಥದ್ದು ಏನೂ ಇರುವುದಿಲ್ಲ.

ಒಂದು ಶಾಲೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಶಾಲೆಯ ಹೆಸರು ಬೇಡ. ಅಲ್ಲಿನ ಅಧ್ಯಾಪಕರು ಮಕ್ಕಳನ್ನು ತಮ್ಮ ಮಕ್ಕಳ ಹಾಗೇ ನೋಡಿಕೊಳ್ಳುತ್ತಾರೆ, ಅವರನ್ನು ದೂರುವುದಕ್ಕೆ ನಾನು ಬರೆಯುತ್ತಿಲ್ಲ.

ಮಧ್ಯಾಹ್ನದ ಊಟದ ಹೊತ್ತು. ಅನ್ನ ಬಸಿಯುವಾಗ ಪಾತ್ರೆ ಜಾರಿ ಅಡುಗೆಯವರ ಮೊಣಕೈಯಿಂದ ಬೆರಳಿನ ತನಕ ಕುದಿಯುವ ತೆಳಿ ಸುರಿಯಿತು. ಒಬ್ಬ ಟೀಚರ್ ಆಫೀಸಿಗೆ ಓಡಿದರು. ಪೆಟ್ಟಿಗೆ ಕಪಾಟಿನೊಳಗಿತ್ತು. ಕಪಾಟಿಗೆ ಬೀಗ. ಬೀಗದ ಕೈ ಯಾರ ಬಳಿ ಇತ್ತೋ ಅವರು ಬ್ಯಾಂಕಿಗೆ ಹೋಗಿದ್ದರು. ಅಷ್ಟರಲ್ಲಿ ಇನ್ನೊಬ್ಬರು ಎದುರಿನ ಅಂಗಡಿಯಿಂದ ಟೂತ್ ಪೇಸ್ಟ್ ತಂದರು.

"ಪೇಸ್ಟ್ ಹಾಕಿದ್ರೆ ಉರಿ ಕಮ್ಮಿ ಆಗ್ತದೆ ಅಕ್ಕಾ."

"ಬೇಡ. ನೀರಿನಡಿಗೆ ಕೈ ಹಿಡೀಲಿ. ಬಳೆ ತೆಗೀರಿ ಮೊದಲು, ಕೈ ಬಾತ ಮೇಲೆ ತೆಗೀಲಿಕ್ಕೆ ಬರೂದಿಲ್ಲ," ಅಂದೆ ನಾನು.

ಅವರನ್ನು ನಳ್ಳಿಯ ಹತ್ತಿರ ಕೂರಿಸಿ ಕೈಯ ಮೇಲೆ ನೀರು ಬಿಟ್ಟೆವು. ಸುಟ್ಟ ಗಾಯಕ್ಕೆ ಮೊದಲ ಮದ್ದು ಅದೇ. ತಣ್ಣೀರು ಹರಿಯುತ್ತಿರಬೇಕು, 20 ನಿಮಿಷ. ಐಸ್ ಬೇಡ, ಬೆಣ್ಣೆ ಬೇಡ, ಕಾಫಿ ಹುಡಿ ಬೇಡ, ಪೇಸ್ಟ್ ಅಂತೂ ಬೇಡವೇ ಬೇಡ. ಪೇಸ್ಟ್ ಬಳಿದುಕೊಂಡು ಆಸ್ಪತ್ರೆಗೆ ಬಂದವರ ಕೈ ತೊಳೆಯುವ ಕೆಲಸ ನನ್ನ ಪಾಲಿಗೆ ಬಹಳ ಸಲ ಬಂದಿದೆ. ಅದು ಒಣಗಿ ಹಿಟ್ಟಿನ ಹಾಗೆ ಗಟ್ಟಿಯಾಗಿರುತ್ತದೆ. ತೆಗೆಯಲು ಹೋದರೆ ಅದರ ಜೊತೆ ಚರ್ಮವೂ ಎದ್ದು ಬರುತ್ತದೆ. ಅವರು ಕಿರುಚುವುದನ್ನು ಕೇಳಿದವರು ಇನ್ನೊಮ್ಮೆ ಯಾರಿಗೂ ಪೇಸ್ಟ್ ಹಚ್ಚಲು ಬಿಡುವುದಿಲ್ಲ.

ಬೀಗದ ಕೈ ಬಂದಾಗ ನೀರು ಬಿಟ್ಟು ಮುಗಿದಿತ್ತು. ಗಾಯವನ್ನು ಮುಚ್ಚಲು ಶುದ್ಧವಾದ ಗಾಜ್, ಅಂದರೆ ಗಾಯದ ಮೇಲೆ ಇಡುವ ತೆಳು ಬಟ್ಟೆ, ಬೇಕಿತ್ತು. ಪೆಟ್ಟಿಗೆ ತೆರೆದೆವು. ತೇವ ಹಿಡಿದು ಹಳದಿಯಾದ ಹತ್ತಿಯ ಸುರುಳಿ. ಬುಡದಲ್ಲಿ ಒಂದು ಗುಟುಕು ಉಳಿದ ಡೆಟಾಲ್ ಬಾಟಲಿ. ಮುಲಾಮಿನ ಟ್ಯೂಬು ಒಂದಿತ್ತು, ಹಿಂಡಿದರೆ ಮೊದಲು ಬರೀ ನೀರು ಬಂತು, ಅವಧಿ ಮುಗಿದು ವರ್ಷಗಳೇ ಆಗಿದ್ದವು. ಪ್ಲಾಸ್ಟರಿನ ಕಾಗದ ಬಿಡಿಸಿದರೆ ಅಂಟೆಲ್ಲ ಕಾಗದದಲ್ಲೇ ಉಳಿಯಿತು. ಕತ್ತರಿಗೆ ತುಕ್ಕು. ಇವುಗಳ ಜೊತೆ ಒಂದು ಸ್ಟಾಂಪ್ ಪ್ಯಾಡ್, ಚಾಕ್‌ನ ತುಂಡುಗಳು, ಸ್ವಾತಂತ್ರ್ಯ ದಿನಕ್ಕೆ ತಂದು ಉಳಿದ ಕಾಗದದ ಬಾವುಟಗಳು. ಗಾಜ್ ಇರಲಿಲ್ಲ. ಕೊನೆಗೆ ಒಬ್ಬ ಟೀಚರ್ ತಮ್ಮ ಬ್ಯಾಗಿನಲ್ಲಿದ್ದ ಒಗೆದ ಶಾಲನ್ನು ಕೊಟ್ಟರು. ಅದನ್ನೇ ಸುತ್ತಿ ಆಟೋದಲ್ಲಿ ಕಳಿಸಿದೆವು.

ಆಮೇಲೆ ಪರಿಚಯದವರಿರುವ ಬೇರೆ ಶಾಲೆಗಳಲ್ಲೂ ಕೇಳಿದೆ. ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಪೆಟ್ಟಿಗೆ ತೆರೆದು ನೋಡಿದೆ. ಕಥೆ ಹೆಚ್ಚು ಕಡಿಮೆ ಅದೇ. ಯಾವುದೋ ಒಂದು ವರ್ಷ ಅನುದಾನದಲ್ಲಿ ಪೆಟ್ಟಿಗೆ ಬಂತು, ಸ್ಟಾಕ್ ರಿಜಿಸ್ಟರಿನಲ್ಲಿ ಬರೆದರು. ಸ್ಟಾಕ್‌ನಲ್ಲಿ ಇರುವ ವಸ್ತು ಕಳೆದುಹೋದರೆ ಉತ್ತರ ಕೊಡಬೇಕಲ್ಲ, ಹಾಗಾಗಿ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಖಾಲಿಯಾದದ್ದನ್ನು ತುಂಬಿಸಲು ದುಡ್ಡು ಯಾವ ಲೆಕ್ಕದಿಂದ ಅಂತ ಯಾರೂ ಹೇಳಲಿಲ್ಲ. ಮಗುವಿಗೆ ಗಾಯವಾದರೆ ಅಧ್ಯಾಪಕರು ತಮ್ಮ ಕಿಸೆಯಿಂದ ಕೊಟ್ಟು ಪಕ್ಕದ ಅಂಗಡಿಯಿಂದ ಪ್ಲಾಸ್ಟರ್ ತರಿಸುತ್ತಾರೆ.

ಒಂದು ಶಾಲೆ ಮಾತ್ರ ಬೇರೆ ಥರ ಇತ್ತು. ಅಲ್ಲಿ ಪೆಟ್ಟಿಗೆ ಜಗಲಿಯ ಗೋಡೆಯಲ್ಲೇ ಇದೆ, ದೊಡ್ಡವರ ಎದೆಯೆತ್ತರದಲ್ಲಿ. ಬೀಗ ಇಲ್ಲ. ಮುಚ್ಚಳದ ಒಳಗೆ ಒಂದು ಸಣ್ಣ ನೋಟ್ ಬುಕ್ಕು ದಾರದಲ್ಲಿ ಕಟ್ಟಿ ತೂಗಿಸಿದ್ದಾರೆ. ಏನು ತೆಗೆದರು, ಯಾರಿಗೆ, ಯಾವ ದಿನ ಅಂತ ಬರೆಯಬೇಕು. ಜೂನಿಯರ್ ರೆಡ್ ಕ್ರಾಸ್‌ನ ಮಕ್ಕಳು ಪ್ರತಿ ತಿಂಗಳು ಆ ಪುಸ್ತಕ ನೋಡಿ ಕಮ್ಮಿಯಾದದ್ದನ್ನು ಟೀಚರಿಗೆ ಹೇಳುತ್ತಾರೆ. ಆ ಟೀಚರಿಗೆ ಯಾರೂ ಆದೇಶ ಕೊಟ್ಟದ್ದಲ್ಲ. ಅವರು ತಾವಾಗಿಯೇ ಮಾಡಿದ್ದು. ನನಗೆ ಹೆದರಿಕೆ ಏನೆಂದರೆ, ಅವರಿಗೆ ವರ್ಗವಾದ ದಿನ ಆ ಪೆಟ್ಟಿಗೆಯೂ ಕಪಾಟಿಗೆ ಹೋಗುತ್ತದೆ.

ನೀವು ಕೇಳಬಹುದು, ಇಷ್ಟು ಸಣ್ಣ ಪೆಟ್ಟಿಗೆಗೆ ಜಿಲ್ಲಾಧಿಕಾರಿಗಳ ತನಕ ಬರಬೇಕಿತ್ತೇ ಅಂತ. ನಮ್ಮ ಊರುಗಳು ಎಲ್ಲಿವೆ ನೋಡಿ. ದೇಲಂಪಾಡಿ, ಬೆಳ್ಳೂರು, ಎಣ್ಮಕಜೆ, ಪೈವಳಿಕೆ, ವರ್ಕಾಡಿ. ಗುಡ್ಡ, ತೋಟ, ತಿರುವುಗಳ ರಸ್ತೆ. ಸ್ವಲ್ಪ ಗಂಭೀರ ಅಂತಾದರೆ ಕಾಸರಗೋಡಿಗೆ, ಇನ್ನೂ ಜಾಸ್ತಿ ಆದರೆ ಮಂಗಳೂರಿಗೆ. 2020ರ ಮಾರ್ಚ್ ಕೊನೆಗೆ, ಕೋವಿಡ್ ಹೊತ್ತಿನಲ್ಲಿ, ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿದಾಗ ಮಂಗಳೂರಿಗೆ ಹೊರಟ ಆಂಬುಲೆನ್ಸುಗಳು ದಾಟಲಾಗದೆ ನಿಂತವು. ಚಿಕಿತ್ಸೆ ಸಿಗದೆ ನಮ್ಮ ಜಿಲ್ಲೆಯವರು ತೀರಿಕೊಂಡರು. ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಶಿಲಾನ್ಯಾಸ ಆಯಿತು. ಆಮೇಲೆ ನಾವು ಎಷ್ಟು ವರ್ಷ ಕಾದೆವು ಅಂತ ನಿಮಗೂ ಗೊತ್ತು. ದೊಡ್ಡ ಆಸ್ಪತ್ರೆಗೆ ಕಾಯುವುದು ನಮಗೆ ಅಭ್ಯಾಸವಾಗಿದೆ. ಆದರೆ ಆಸ್ಪತ್ರೆ ದೂರ ಇರುವ ಕಡೆ ಮೊದಲ ಹತ್ತು ಇಪ್ಪತ್ತು ನಿಮಿಷ ಏನು ಮಾಡುತ್ತೇವೆ ಎನ್ನುವುದರ ಮೇಲೇ ಎಲ್ಲ ನಿಂತಿರುತ್ತದೆ. ಅದಕ್ಕೆ ದೊಡ್ಡ ಕಟ್ಟಡ ಬೇಡ.

2019ರ ನವೆಂಬರಿನಲ್ಲಿ ವಯನಾಡಿನ ಸುಲ್ತಾನ್ ಬತ್ತೇರಿಯಲ್ಲಿ ತರಗತಿಯೊಳಗೇ ಹಾವು ಕಚ್ಚಿ ಐದನೇ ತರಗತಿಯ ಹುಡುಗಿ ತೀರಿಕೊಂಡಳು. ಆಸ್ಪತ್ರೆಗೆ ಕೊಂಡುಹೋಗಲು ತಡ ಮಾಡಿದರು ಅಂತ ಇಡೀ ಕೇರಳ ಸಿಟ್ಟಾಯಿತು. ಶಾಲೆಯ ಗೋಡೆ, ನೆಲದ ಬಿಲಗಳ ಬಗ್ಗೆ ಆಗ ಎಲ್ಲೆಲ್ಲೂ ಮಾತು. ಒಳ್ಳೆಯದೇ. ಆದರೆ ಹಾವು ಕಚ್ಚಿದ ಮಗುವನ್ನು ಏನು ಮಾಡಬೇಕು, ಯಾವ ಆಸ್ಪತ್ರೆಗೆ ನೇರ ಒಯ್ಯಬೇಕು ಅಂತ ಇವತ್ತು ನಮ್ಮ ಶಾಲೆಗಳ ಅಧ್ಯಾಪಕರನ್ನು ಕೇಳಿ ನೋಡಿ. ಬಳ್ಳಿಯಿಂದ ಬಿಗಿದು ಕಟ್ಟಬೇಕು ಅಂತ ಈಗಲೂ ಹೇಳುವವರಿದ್ದಾರೆ. ಕಟ್ಟಬಾರದು, ಕೊಯ್ಯಬಾರದು, ಬಾಯಿಂದ ಎಳೆಯಬಾರದು. ಮಗುವನ್ನು ನಡೆಸಬಾರದು. ಕಚ್ಚಿದ ಕೈಯನ್ನೋ ಕಾಲನ್ನೋ ಅಲುಗಾಡದ ಹಾಗೆ ಒಂದು ಮರದ ಪಟ್ಟಿಯ ಜೊತೆ ಮೆಲ್ಲಗೆ ಸುತ್ತಿ, ಎತ್ತಿಕೊಂಡೇ ವಾಹನಕ್ಕೆ ಒಯ್ಯಬೇಕು. ಹಾವಿನ ವಿಷಕ್ಕೆ ಚುಚ್ಚುಮದ್ದು ಇರುವ ಆಸ್ಪತ್ರೆಗೇ ಹೋಗಬೇಕು. ಇಲ್ಲದ ಕಡೆಗೆ ಹೋಗಿ ಅಲ್ಲಿಂದ ಮತ್ತೆ ಕಳಿಸಿಕೊಂಡರೆ ಸಮಯ ಹೋಯಿತು ಅಲ್ವಾ?

ಕಾನೂನಿಗೆ ಈ ವಿಷಯ ಹೊಸದಲ್ಲ. 1948ರ ಕಾರ್ಖಾನೆ ಕಾನೂನಿನ 45ನೇ ಕಲಮು ಇದನ್ನು ಬಹಳ ಚೆಂದವಾಗಿ ಬರೆದಿಟ್ಟಿತ್ತು. ಪ್ರತಿ 150 ಕೆಲಸಗಾರರಿಗೆ ಒಂದು ಪೆಟ್ಟಿಗೆಯಾದರೂ ಇರಬೇಕು, ಕೆಲಸದ ಹೊತ್ತಿನಲ್ಲೆಲ್ಲ ಕೈಗೆ ಸಿಗಬೇಕು, ನಿಗದಿ ಮಾಡಿದ ಸಾಮಾನು ಬಿಟ್ಟು ಬೇರೆ ಏನನ್ನೂ ಅದರೊಳಗೆ ಇಡಬಾರದು, ಪ್ರಥಮ ಚಿಕಿತ್ಸೆಯ ತರಬೇತಿ ಇರುವ ಒಬ್ಬರು ಅದರ ಹೊಣೆ ಹೊರಬೇಕು, ಅವರು ಕೆಲಸದ ಹೊತ್ತಿನಲ್ಲಿ ಅಲ್ಲೇ ಸಿಗಬೇಕು. 2005ರ ಉದ್ಯೋಗ ಖಾತರಿ ಕಾನೂನಿನಲ್ಲೂ ಕೆಲಸದ ಜಾಗದಲ್ಲಿ ಕುಡಿಯುವ ನೀರು, ನೆರಳಿನ ಜೊತೆಗೆ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಬೇಕು ಅಂತ ಬರೆದಿತ್ತು. ಕತ್ತಿ, ಹಾರೆ ಹಿಡಿದು ಕಾಡು ಕಡಿಯುವ ನಮ್ಮ ಹೆಂಗಸರ ಬಳಿ ಆ ಪೆಟ್ಟಿಗೆ ಇದ್ದದ್ದನ್ನು ನಾನು ನೋಡಲಿಲ್ಲ. ಅದು ಇನ್ನೊಂದು ಪತ್ರಕ್ಕೆ ಆಗುವಷ್ಟಿದೆ. ಸದ್ಯ ಶಾಲೆಗೇ ಬರುತ್ತೇನೆ.

ಕಾರ್ಖಾನೆಯ ಆ ನಿಯಮದಲ್ಲಿದ್ದ ನಾಲ್ಕು ಮಾತನ್ನು ಶಾಲೆಗೆ ತಂದರೆ ಅರ್ಧ ಕೆಲಸ ಮುಗಿಯಿತು. ಉಳಿದದ್ದು ಏನನ್ನು ಕೊಳ್ಳಬೇಕು, ಹೇಗೆ ಇಡಬೇಕು ಎನ್ನುವುದು. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಟೆಂಡರು, ಕೊಟೇಶನ್ ಅಂತ ಕೊಂಡಾಗ ಕಡಿಮೆ ಬೆಲೆಯ ರೆಡಿಮೇಡ್ ಪೆಟ್ಟಿಗೆ ಬಂದುಬಿಡುತ್ತದೆ. ಹೊರಗಿಂದ ನೋಡಲು ಚೆಂದ, ಒಳಗೆ ಹತ್ತು ಪ್ಲಾಸ್ಟರು, ಒಂದು ಚೂರು ಹತ್ತಿ, ಬೆರಳುದ್ದದ ಕತ್ತರಿ. ಅದು ಸಾಲದು.

ಪೆಟ್ಟಿಗೆ ಮೊದಲು. ನಮ್ಮಲ್ಲಿ ಜೂನ್‌ನಿಂದ ನಾಲ್ಕು ತಿಂಗಳು ಬಟ್ಟೆಯೇ ಒಣಗುವುದಿಲ್ಲ, ಕಪಾಟಿನಲ್ಲಿಟ್ಟ ಚಪ್ಪಲಿಗೂ ಬೂಷ್ಟು ಬರುತ್ತದೆ. ಮರದ ಪೆಟ್ಟಿಗೆ, ಗಾಜಿನ ಬಾಗಿಲಿನ ಪೆಟ್ಟಿಗೆ ಈ ಊರಿಗೆ ಹೇಳಿಸಿದ್ದಲ್ಲ. ಮುಚ್ಚಳಕ್ಕೆ ರಬ್ಬರ್ ಪಟ್ಟಿ ಇರುವ ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆ ಬೇಕು, ಹಿಡಿಕೆ ಬೇಕು. ಆಟದ ಬಯಲಿಗೋ ಪ್ರವಾಸಕ್ಕೋ ಎತ್ತಿಕೊಂಡು ಹೋಗುವ ಹಾಗಿರಬೇಕು. ಒಳಗೆ ಬೇರೆ ಬೇರೆ ಝಿಪ್ ಕವರು: ರಕ್ತಸ್ರಾವಕ್ಕೆ ಒಂದು, ಸುಟ್ಟ ಗಾಯಕ್ಕೆ ಒಂದು, ಉಳುಕಿಗೆ ಒಂದು. ಗಾಬರಿಯಲ್ಲಿ ಎಲ್ಲ ಕೆದಕಬೇಕಾಗಿ ಬರಬಾರದು. ಹೊರಗೆ ಹಸಿರು ಬಣ್ಣದ ಮೇಲೆ ಬಿಳಿ ಕ್ರಾಸ್ ಗುರುತು ಸಾಕು. ಕೆಂಪು ಕ್ರಾಸನ್ನು ಅನುಮತಿ ಇಲ್ಲದೆ ಹಾಕಬಾರದು ಅಂತ 1960ರ ಜಿನೀವಾ ಒಪ್ಪಂದಗಳ ಕಾನೂನು ಹೇಳುತ್ತದೆ.

ಒಳಗಿನ ಸಾಮಾನಿನಲ್ಲಿ ನಾನು ಮೊದಲು ಹೇಳುವುದು ಸಾಬೂನು. ಕೇಳಿದವರಿಗೆ ಆಶ್ಚರ್ಯ ಆಗುತ್ತದೆ. ನಾಯಿ ಕಚ್ಚಿದರೆ, ಪರಚಿದರೆ ಮೊದಲ ಕೆಲಸ ಗಾಯವನ್ನು ಸಾಬೂನು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯುವುದು. ಅದರಷ್ಟು ಅಗ್ಗದ, ಅದರಷ್ಟು ದೊಡ್ಡ ಉಪಕಾರದ ಮದ್ದು ಬೇರೆ ಇಲ್ಲ. ಸುಣ್ಣ, ಅರಸಿನ, ಮೆಣಸಿನ ಹುಡಿ ಏನೂ ಬೇಡ. ಆಮೇಲೆ ಅದೇ ದಿನ ಚುಚ್ಚುಮದ್ದಿಗೆ ಹೋಗಲೇಬೇಕು. ಸಣ್ಣ ಗೀರು ಅಂತ ಬಿಡಬಾರದು.

ಆಮೇಲೆ ಕೈಗವಸು, ಎರಡು ಮೂರು ಜೊತೆ ಅಲ್ಲ, ಒಂದು ಪೂರ್ತಿ ಪೊಟ್ಟಣ. ರಕ್ತ ಮುಟ್ಟುವವರಿಗೂ ರಕ್ಷಣೆ ಬೇಕು. ಬಿಡಿ ಬಿಡಿಯಾಗಿ ಸೀಲ್ ಮಾಡಿದ ಗಾಜ್ ಪ್ಯಾಡುಗಳು ಧಾರಾಳ ಇರಲಿ, ದೊಡ್ಡವೂ ಸಣ್ಣವೂ. ಸುಟ್ಟ ಗಾಯಕ್ಕೆ ಅಂಟಿಕೊಳ್ಳದ ಪ್ಯಾರಾಫಿನ್ ಗಾಜ್. ಸುತ್ತುವ ಬ್ಯಾಂಡೇಜು ಎರಡು ಅಳತೆಯದ್ದು, ಉಳುಕಿಗೆ ಕ್ರೇಪ್ ಬ್ಯಾಂಡೇಜು, ಕೈ ಮುರಿದರೆ ಕೊರಳಿಗೆ ಕಟ್ಟಿ ತೂಗಿಸಲು ತ್ರಿಕೋನದ ಬಟ್ಟೆ, ಮೆಡಿಕಲ್ ಟೇಪು, ಸೇಫ್ಟಿ ಪಿನ್ನು, ಪ್ಲಾಸ್ಟರು. ತುದಿ ಮೊಂಡಾದ ಸ್ಟೀಲ್ ಕತ್ತರಿ, ಮುಳ್ಳು ತೆಗೆಯಲು ಚಿಮಟ. ಕಣ್ಣು, ಗಾಯ ತೊಳೆಯಲು ಸಣ್ಣ ಸಲೈನ್ ಬಾಟಲಿಗಳು. ಗಾಯದ ಸುತ್ತ ಒರೆಸಲು ಪೊವಿಡೋನ್ ಅಯೋಡಿನ್. ಡಿಜಿಟಲ್ ಥರ್ಮಾಮೀಟರು, ಟಾರ್ಚು.

ಹತ್ತಿ ಇರಲಿ, ಆದರೆ ಗಾಯದ ಮೇಲೆ ನೇರ ಇಡಲಿಕ್ಕೆ ಅಲ್ಲ. ಅದರ ನೂಲು ಗಾಯದಲ್ಲಿ ಅಂಟಿ ಉಳಿಯುತ್ತದೆ. ಸ್ಪಿರಿಟನ್ನು ಗಾಯದೊಳಗೆ ಸುರಿಯಬಾರದು, ಮಗುವಿಗೆ ಉರಿಯುವುದು ಬಿಟ್ಟರೆ ಪ್ರಯೋಜನ ಇಲ್ಲ, ಚರ್ಮಕ್ಕೂ ತೊಂದರೆ. ನೀರು ಸಾಕು. ರಕ್ತ ಸುರಿಯುತ್ತಿದ್ದರೆ ಗಾಜ್ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ನಿಂತಿತೋ ಅಂತ ಮತ್ತೆ ಮತ್ತೆ ತೆಗೆದು ನೋಡಬಾರದು. ಗಾಜ್ ನೆನೆದರೆ ಅದರ ಮೇಲೆ ಇನ್ನೊಂದು.

ಓಆರ್‌ಎಸ್ ಪೊಟ್ಟಣ ಖಂಡಿತ ಬೇಕು. ಇದರಲ್ಲಿ ಒಂದು ತಪ್ಪು ಎಲ್ಲ ಕಡೆ ಆಗುತ್ತದೆ. ದೊಡ್ಡ ಪೊಟ್ಟಣವನ್ನು ಒಂದು ಲೀಟರ್ ನೀರಿಗೇ ಹಾಕಬೇಕು. ಒಂದು ಲೋಟಕ್ಕೆ ಅಂದಾಜಿನಲ್ಲಿ ಹಾಕಿ ಕುಡಿಸಿದರೆ ಉಪ್ಪು ಜಾಸ್ತಿಯಾಗಿ ಮಗುವಿಗೆ ಅಪಾಯ. ಕಲಸಿದ್ದನ್ನು 24 ಗಂಟೆ ಕಳೆದರೆ ಚೆಲ್ಲಬೇಕು. ಅಂಗಡಿಯಲ್ಲಿ ಸಿಗುವ ಸಿಹಿ ಪ್ಯಾಕೆಟು ಪಾನೀಯ ಇದಕ್ಕೆ ಬದಲಿ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತಿಲ್ಲದ ಪಾನೀಯಗಳ ಮೇಲೆ ಓಆರ್‌ಎಸ್ ಎನ್ನುವ ಹೆಸರು ಹಾಕಬಾರದು ಅಂತ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ಹೇಳಿದೆ.

ಮಾತ್ರೆಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಕಟ್ಟುನಿಟ್ಟು. ಶಾಲೆಯ ಪೆಟ್ಟಿಗೆಯಲ್ಲಿ ಮಾತ್ರೆ ಬೇಡ. ಪ್ಯಾರಾಸಿಟಮಾಲ್ ಕೂಡ ಮಗುವಿನ ತೂಕ ನೋಡಿ ಕೊಡಬೇಕಾದದ್ದು. ದೊಡ್ಡವರ ಮಾತ್ರೆಯನ್ನು ಅರ್ಧ ಮುರಿದು ಕೊಟ್ಟರೆ ಮಕ್ಕಳ ಮಾತ್ರೆ ಆಗುವುದಿಲ್ಲ. ಆಸ್ಪಿರಿನ್ ಅಂತೂ ಮಕ್ಕಳಿಗೆ ಕೊಡಲೇಬಾರದು. ಅಸ್ತಮಾ ಇರುವ ಮಗುವಿನ ಇನ್‌ಹೇಲರು, ಫಿಟ್ಸ್ ಇರುವ ಮಗುವಿಗೆ ಡಾಕ್ಟರು ಬರೆದುಕೊಟ್ಟ ಔಷಧಿ, ಇವು ಮಾತ್ರ ಹೆತ್ತವರ ಒಪ್ಪಿಗೆಯ ಜೊತೆ ಮಗುವಿನ ಹೆಸರು ಬರೆದು ಬೇರೆ ಕವರಿನಲ್ಲಿ ಇರಲಿ.

ಫಿಟ್ಸ್ ಅಂದಾಗ ನಮ್ಮ ಬಡ್ಸ್ ಶಾಲೆಗಳ, ಅಂದರೆ ಬುದ್ಧಿ ಬೆಳವಣಿಗೆಯ ತೊಂದರೆ ಇರುವ ಮಕ್ಕಳಿಗಾಗಿ ಇರುವ ಶಾಲೆಗಳ, ಮಕ್ಕಳು ಕಣ್ಣಮುಂದೆ ಬರುತ್ತಾರೆ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಪಂಚಾಯತುಗಳು ನಮ್ಮ ಕಡೆ ಇವೆ. ಆ ಮಕ್ಕಳ ಮನೆಯವರು ಪಟ್ಟ ಕಷ್ಟವನ್ನು ನಾನು ನಿಮಗೆ ವಿವರಿಸಬೇಕಾಗಿಲ್ಲ. ಅಪಸ್ಮಾರ ಇರುವ ಮಕ್ಕಳು ಇರುವಲ್ಲಿ ಈಗಲೂ ಫಿಟ್ಸ್ ಬಂದರೆ ಕೈಗೆ ಕಬ್ಬಿಣದ ಬೀಗದ ಕೈ ಕೊಡುವವರು, ಹಲ್ಲಿನ ನಡುವೆ ಚಮಚ ತುರುಕುವವರು ಇದ್ದಾರೆ. ಚಮಚದಿಂದ ಹಲ್ಲು ಮುರಿದ ಮಗುವಿಗೆ ನಾನೇ ಆರೈಕೆ ಮಾಡಿದ್ದೇನೆ. ಮಾಡಬೇಕಾದದ್ದು ಇಷ್ಟೆ: ಸುತ್ತ ಇರುವ ಗಟ್ಟಿ ವಸ್ತು ಸರಿಸಿ, ತಲೆಯಡಿಗೆ ಮೆತ್ತಗಿನದ್ದೇನಾದರೂ ಇಟ್ಟು, ಮಗುವನ್ನು ಒಂದು ಮಗ್ಗುಲಿಗೆ ತಿರುಗಿಸಿ, ಗಡಿಯಾರ ನೋಡಬೇಕು. ಬಾಯಿಗೆ ಏನೂ ಹಾಕಬಾರದು, ನೀರು ಕೂಡ. 5 ನಿಮಿಷ ದಾಟಿದರೆ 108ಕ್ಕೆ ಫೋನು. ಇದನ್ನು ಗೋಡೆಯಲ್ಲಿ ಅಂಟಿಸಲು ಎಷ್ಟು ಖರ್ಚಾಗುತ್ತದೆ?

ಇಟ್ಟುಕೊಳ್ಳುವ ವಿಷಯ. ಪೊಟ್ಟಣದ ಮೇಲಿನ ತಾರೀಕು ನೋಡಿದರೆ ಮಾತ್ರ ಸಾಲದು. ಸೀಲ್ ಮಾಡಿದ ಗಾಜ್ ಪ್ಯಾಡಿನ ಕವರು ಹರಿದಿದ್ದರೆ, ಒಮ್ಮೆ ಒದ್ದೆಯಾಗಿ ಒಣಗಿದ್ದರೆ, ತಾರೀಕು ಎಷ್ಟೇ ಮುಂದಿದ್ದರೂ ಅದನ್ನು ಗಾಯಕ್ಕೆ ಇಡುವಂತಿಲ್ಲ. ಸಲೈನ್ ಬಾಟಲಿ ಒಮ್ಮೆ ತೆರೆದರೆ ಉಳಿದದ್ದನ್ನು ಚೆಲ್ಲಬೇಕು. ಅಯೋಡಿನ್ ಬಾಟಲಿ ತೆರೆದ ದಿನವನ್ನು ಅದರ ಮೇಲೇ ಪೆನ್ನಿನಲ್ಲಿ ಬರೆಯಬೇಕು. ಥರ್ಮಾಮೀಟರು, ಟಾರ್ಚಿನ ಬ್ಯಾಟರಿ ಬೇಸಿಗೆ ರಜೆಗೆ ಹೊರಗೆ ತೆಗೆದಿಡಬೇಕು, ಇಲ್ಲದಿದ್ದರೆ ಸೋರಿ ಎರಡೂ ಹಾಳು. ಬಿಸಿಲು ಬೀಳುವ ಕಿಟಕಿಯ ಹತ್ತಿರ, ಅಡುಗೆ ಕೋಣೆಯ ಒಲೆಯ ಹತ್ತಿರ, ಸೋರುವ ಮಾಡಿನ ಅಡಿ ಪೆಟ್ಟಿಗೆ ಬೇಡ. ಅವಧಿ ಮುಗಿದ ಔಷಧಿಯನ್ನು ಶಾಲೆಯ ಹಿಂದಿನ ಹೊಂಡಕ್ಕೆ ಎಸೆಯುವುದನ್ನೂ ನಿಲ್ಲಿಸಬೇಕು. ಮಕ್ಕಳು ಅಲ್ಲೇ ಆಡುತ್ತಾರೆ.

ಇನ್ನು ನನ್ನ ಬೇಡಿಕೆಗಳು.

ಎಲ್ಲಕ್ಕಿಂತ ಮುಖ್ಯವಾದದ್ದು ಹೊಣೆ. ಪ್ರತಿ ಪೆಟ್ಟಿಗೆಯ ಮೇಲೆ ಒಬ್ಬ ಅಧ್ಯಾಪಕರ ಹೆಸರು ಇರಲಿ, ಅವರು ರಜೆಯಾದರೆ ನೋಡಿಕೊಳ್ಳುವ ಇನ್ನೊಬ್ಬರ ಹೆಸರೂ ಇರಲಿ. ಶಾಲೆಯ ಹೊತ್ತಿನಲ್ಲಿ ಪೆಟ್ಟಿಗೆಗೆ ಬೀಗ ಹಾಕಬಾರದು ಅಂತ ಲಿಖಿತ ಆದೇಶ ಹೊರಡಿಸಿ. ಪ್ಲಾಸ್ಟರು ಖರ್ಚಾದರೆ ಯಾರೂ ವಿವರಣೆ ಕೊಡಬೇಕಾಗಿಲ್ಲ, ಪುಸ್ತಕದಲ್ಲಿ ಬರೆದರೆ ಸಾಕು ಅಂತಲೂ ಅದೇ ಆದೇಶದಲ್ಲಿ ಹೇಳಿ. ಬೀಗ ಹಾಕುವವರು ಕೆಟ್ಟವರಲ್ಲ, ಆಡಿಟ್‌ಗೆ ಹೆದರುತ್ತಾರೆ. ಆ ಹೆದರಿಕೆಯನ್ನು ತೆಗೆಯಲು ನಿಮ್ಮಿಂದ ಮಾತ್ರ ಸಾಧ್ಯ.

ಶಾಲೆ ತೆರೆಯುವ ಮೊದಲು ಕಟ್ಟಡಕ್ಕೆ ಪಂಚಾಯತಿನ ಇಂಜಿನಿಯರರಿಂದ ಫಿಟ್‌ನೆಸ್ ಸರ್ಟಿಫಿಕೇಟ್ ಪಡೆಯುವ ಪದ್ಧತಿ ಇದೆ. ಅದೇ ಹೊತ್ತಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದ ಜೆಪಿಎಚ್‌ಎನ್ (ಜೂನಿಯರ್ ಪಬ್ಲಿಕ್ ಹೆಲ್ತ್ ನರ್ಸ್) ಒಬ್ಬರು ಬಂದು ಪೆಟ್ಟಿಗೆ ತೆರೆದು ನೋಡಿ ಸಹಿ ಹಾಕಲಿ. ಮಳೆಗಾಲ ಮುಗಿದ ಮೇಲೆ ಇನ್ನೊಮ್ಮೆ. ಹೊಸ ಸಮಿತಿ, ಹೊಸ ಹುದ್ದೆ ಏನೂ ಬೇಡ.

ದುಡ್ಡಿನ ಮಾತು. ಎಲ್‌ಪಿ, ಯುಪಿ (ಕಿರಿಯ, ಹಿರಿಯ ಪ್ರಾಥಮಿಕ) ಸರ್ಕಾರಿ ಶಾಲೆಗಳು ಗ್ರಾಮ ಪಂಚಾಯತಿನ ಕೈಯಲ್ಲಿವೆ, ಹೈಸ್ಕೂಲುಗಳು ಜಿಲ್ಲಾ ಪಂಚಾಯತಿನ ಕೈಯಲ್ಲಿ. ಅನುದಾನಿತ ಶಾಲೆಗಳಿಗೆ ಮ್ಯಾನೇಜರರಿದ್ದಾರೆ. ಈ ಮೂವರ ನಡುವೆ ನಮ್ಮ ಪೆಟ್ಟಿಗೆ ಬಿದ್ದುಹೋಗಬಾರದು. ಒಂದು ಸಲ ಸರಿಯಾಗಿ ತುಂಬಿಸಿದ ಮೇಲೆ ವರ್ಷಕ್ಕೆ ಬೇಕಾಗುವುದು ಸಣ್ಣ ಮೊತ್ತ. ಪಂಚಾಯತಿನ ಯೋಜನಾ ನಿಧಿಯಲ್ಲಿ ಅದಕ್ಕೆ ಒಂದು ಸಾಲು ಇರಲಿ. ಸಾಮಾನನ್ನು ಹತ್ತಿರದ ನೀತಿ ಮೆಡಿಕಲ್ ಸ್ಟೋರಿನಿಂದಲೋ ಜನೌಷಧಿಯಿಂದಲೋ ಬಿಡಿಯಾಗಿ ತರಲು ಮುಖ್ಯೋಪಾಧ್ಯಾಯರಿಗೆ ಅನುಮತಿ ಕೊಡಿ. ರೆಡಿಮೇಡ್ ಪೆಟ್ಟಿಗೆ ಕಳಿಸಬೇಡಿ.

ಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಸಲು ಕನ್ನಡ ಮತ್ತು ಮಲಯಾಳ ಎರಡರಲ್ಲೂ ಒಂದು ಹಾಳೆ ಅಚ್ಚು ಹಾಕಿಸಿ. ನಮ್ಮ ಕಡೆಯ ಶಾಲೆಗಳಲ್ಲಿ ಅಡುಗೆ ಮಾಡುವ ಹೆಂಗಸರು, ಅಂಗನವಾಡಿಯ ಸಹಾಯಕಿಯರು, ಹೆಚ್ಚಿನ ಮಕ್ಕಳು ಕನ್ನಡವನ್ನೇ ಸಲೀಸಾಗಿ ಓದುವವರು. ಪೆಟ್ಟಾದ ಹೊತ್ತಿನಲ್ಲಿ ಅಕ್ಷರ ಕೂಡಿಸಿ ಓದುತ್ತ ಕೂರಲಾಗುವುದಿಲ್ಲ. ಆ ಹಾಳೆಯಲ್ಲಿ ಸುಟ್ಟರೆ, ರಕ್ತ ಬಂದರೆ, ಹಾವು ಕಚ್ಚಿದರೆ, ನಾಯಿ ಕಚ್ಚಿದರೆ, ಫಿಟ್ಸ್ ಬಂದರೆ ಏನು ಮಾಡಬೇಕು, ಏನು ಮಾಡಬಾರದು ಅಂತ ನಾಲ್ಕು ನಾಲ್ಕು ಸಾಲು ಚಿತ್ರದ ಜೊತೆ ಇರಲಿ. ಹಲ್ಲು ಬೇರು ಸಮೇತ ಬಿದ್ದರೆ ಬೇರನ್ನು ಉಜ್ಜದೆ ಹಾಲಿನಲ್ಲಿ ಹಾಕಿ ಮಗುವಿನ ಜೊತೆಗೇ ಡಾಕ್ಟರ ಬಳಿ ಒಯ್ಯಬೇಕು ಎನ್ನುವುದನ್ನೂ ಸೇರಿಸಿ, ಕಬಡ್ಡಿ ಆಡುವ ಮಕ್ಕಳಿಗೆ ಅದು ಬೇಕಾಗುತ್ತದೆ. 112, 108, ಆರೋಗ್ಯ ಇಲಾಖೆಯ ದಿಶಾದ 1056 ಸಂಖ್ಯೆಗಳು ದೊಡ್ಡ ಅಕ್ಷರದಲ್ಲಿ ಇರಲಿ. ಆ ಶಾಲೆಗೆ ಹತ್ತಿರದಲ್ಲಿ ಹಾವಿನ ವಿಷಕ್ಕೆ ಚುಚ್ಚುಮದ್ದು ಇರುವ ಆಸ್ಪತ್ರೆ ಯಾವುದು, ನಾಯಿ ಕಡಿತದ ಚುಚ್ಚುಮದ್ದು ಎಲ್ಲಿ ಸಿಗುತ್ತದೆ ಎಂದು ಬರೆಯಲು ಜಾಗ ಬಿಡಿ. ಈ ಪಟ್ಟಿ ಜಿಲ್ಲಾ ವೈದ್ಯಾಧಿಕಾರಿಗಳ ಕಚೇರಿಯಿಂದ ಬರಬೇಕು, ವರ್ಷ ವರ್ಷ ಹೊಸದಾಗಿ ಬರಬೇಕು.

ಕೊನೆಯದಾಗಿ ತರಬೇತಿ. ಪ್ರತಿ ಶಾಲೆಯಿಂದ ಇಬ್ಬರು ಅಧ್ಯಾಪಕರಿಗೆ, ಅಡುಗೆಯವರಿಗೆ, ಶಾಲಾ ಬಸ್ಸಿನ ಡ್ರೈವರಿಗೆ ವರ್ಷಕ್ಕೆ ಒಂದು ದಿನ, ಕನ್ನಡದಲ್ಲಿ. ಕೈಯಾರೆ ಮಾಡಿ ಕಲಿಯಬೇಕು. ಬ್ಯಾಂಡೇಜು ಸುತ್ತುವುದು, ಎದೆ ಒತ್ತುವುದು ಭಾಷಣ ಕೇಳಿ ಬರುವಂಥದ್ದಲ್ಲ. ದಾರಿಯಲ್ಲಿ ಅಪಘಾತವಾದವರನ್ನು ಮುಟ್ಟಲು ಜನ ಕೇಸಿಗೆ ಹೆದರುತ್ತಾರೆ. 2019ರ ಮೋಟಾರು ವಾಹನ ಕಾನೂನಿನ ತಿದ್ದುಪಡಿಯ 134ಎ ಕಲಮು ಒಳ್ಳೆಯ ಮನಸ್ಸಿನಿಂದ ಸಹಾಯ ಮಾಡಿದವರಿಗೆ ರಕ್ಷಣೆ ಕೊಟ್ಟಿದೆ. ಅದನ್ನೂ ಅದೇ ತರಬೇತಿಯಲ್ಲಿ ಹೇಳಿಸಿ.

ನಮ್ಮ ಭಾಗದಲ್ಲಿ ನನ್ನ ಹಾಗೆ ನಿವೃತ್ತರಾದ ನರ್ಸುಗಳು, ಫಾರ್ಮಸಿಸ್ಟರು ಇದ್ದೇವೆ. ಕೆಲವರ ಜೊತೆ ಮಾತಾಡಿದ್ದೇನೆ. ಸಂಬಳ, ಗೌರವಧನ ಏನೂ ಬೇಡ. ಕರೆದ ಶಾಲೆಗೆ ಬಂದು ಪೆಟ್ಟಿಗೆ ಜೋಡಿಸಿಕೊಡಲು, ಅಧ್ಯಾಪಕರಿಗೆ ಕಲಿಸಲು ನಾವು ತಯಾರಿದ್ದೇವೆ. ಮುಚ್ಚಳದ ಹಾಳೆಯ ಕನ್ನಡದ ಕರಡನ್ನು ಬರೆದುಕೊಡುತ್ತೇನೆ, ನಿಮ್ಮ ವೈದ್ಯರು ತಿದ್ದಲಿ. ನಮ್ಮನ್ನು ಒಳಗೆ ಬಿಡಲು ಶಾಲೆಗಳಿಗೆ ನಿಮ್ಮದೊಂದು ಪತ್ರ ಬೇಕು, ಅಷ್ಟೆ.

ಬರುವ ಜೂನ್‌ನ ಪ್ರವೇಶೋತ್ಸವಕ್ಕೆ ಮೊದಲು ಕನಿಷ್ಠ ಗಡಿಭಾಗದ ಪಂಚಾಯತುಗಳ ಶಾಲೆ, ಬಡ್ಸ್ ಶಾಲೆ, ಅಂಗನವಾಡಿಗಳಲ್ಲಿ ಈ ಕೆಲಸ ಆಗಬೇಕು ಎಂದು ಕೇಳಿಕೊಳ್ಳುತ್ತೇನೆ. ಆಗುವುದಾದರೆ ಯಾವಾಗ, ಆಗದಿದ್ದರೆ ಯಾಕೆ ಅಂತ ತಿಳಿಸಿ. ಉತ್ತರವನ್ನೂ ಕನ್ನಡದಲ್ಲಿ ಕೊಟ್ಟರೆ ಅದನ್ನು ರಕ್ಷಕ ಶಿಕ್ಷಕ ಸಂಘದ ಸಭೆಯಲ್ಲಿ ಎಲ್ಲರಿಗೂ ಓದಿ ಹೇಳುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಎಣ್ಮಕಜೆ ಪಂಚಾಯತಿನ ಒಬ್ಬ ನಿವೃತ್ತ ನರ್ಸ್